ಹಡಗಿನಲ್ಲಿ ಬಂದ ಜೇನು

"ಬುದ್ಧಿ, ಹೊರಗಿನಿಂದ ಬಂದವನು ನಮ್ಮವನಾಗುವುದು ಯಾವಾಗ?"

ಹೀಗೆಂದು ಕೇಳಿದವನು ಮಠದ ಶಿಷ್ಯ ಮರುಳಯ್ಯ. ಮಧ್ಯಾಹ್ನದ ಊಟ ಮುಗಿದಿತ್ತು. ಎರಡನೆಯ ಸಲ ಸಾರು ಬಡಿಸಿಕೊಂಡಿದ್ದರಿಂದ ಅವನು ಗುರುಗಳ ಬಳಿ ಬರುವುದು ತುಸು ತಡವಾಗಿತ್ತು. ದಾಸೋಹದ ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿತ್ತು.

"ಸುತ್ತಿ ಬಳಸಿ ಕೇಳಬೇಡ. ಯಾರ ವಿಷಯ?" ಎಂದರು ಗುರುಗಳು.

"ಧನಿರಾಮನ ವಿಷಯ, ಬುದ್ಧಿ. ಅಡುಗೆಯ ಪುಟ್ಟಮಲ್ಲಪ್ಪನವರು ಶಿವೈಕ್ಯರಾಗಿ ಹನ್ನೊಂದು ದಿನವಾಯಿತು. ಅಡುಗೆಮನೆಯನ್ನು ಯಾರಿಗಾದರೂ ಒಪ್ಪಿಸಬೇಕಲ್ಲ. ಧನಿರಾಮ ಹನ್ನೆರಡು ವರ್ಷ ಅವರ ಕೈಕೆಳಗಿದ್ದವನು, ಇಲ್ಲವೆನ್ನುವುದಿಲ್ಲ. ಆದರೆ ಅವನು ಬಿಹಾರದವನು. ಇವತ್ತಿಗೂ 'ಸಾರು ಬರ್ತಾನೆ, ಅನ್ನ ಬರ್ತಾಳೆ' ಅನ್ನುತ್ತಾನೆ. ನಮ್ಮ ಮಠದ ಸಾರಿಗೆ ನೂರು ವರ್ಷದ ರುಚಿಯಿದೆ. ಅದು ಅವನ ಕೈಯಲ್ಲಿ ಉಳಿದೀತೇ? ನಮ್ಮ ಕಡೆಯವರನ್ನೇ ಯಾರನ್ನಾದರೂ ಹುಡುಕೋಣ, ಇವನನ್ನು ಊರಿಗೆ ಕಳಿಸಿಬಿಡೋಣ ಎಂದು ನನ್ನ ಅಭಿಪ್ರಾಯ."

ಗುರುಗಳು ತೊಡೆ ತಟ್ಟಿದರು. "ಭಲೇ ಮರುಳಯ್ಯ! ಕೂತುಕೋ, ಕೂತುಕೋ. ಎಷ್ಟೋ ವರ್ಷದ ಹಿಂದೆ ಈ ಮಠಕ್ಕೆ ಒಬ್ಬ ಬಿಳಿಯ ಮುದುಕ ಬಂದಿದ್ದ. ಜೇನು ಸಾಕುವವನು. ತನ್ನ ಮುತ್ತಜ್ಜಿಯ ಕತೆಯೊಂದನ್ನು ಹೇಳಿ ಹೋದ. ಅದನ್ನು ಯಾರಿಗಾದರೂ ಹೇಳಬೇಕೆಂದು ಅಂದಿನಿಂದ ನನ್ನ ನಾಲಿಗೆ ತುರಿಸುತ್ತಿದೆ. ಕೇಳು." ಗುರುಗಳು ಹೇಳತೊಡಗಿದರು.

ಜರ್ಮನಿ ದೇಶದಲ್ಲಿ ಒಬ್ಬ ರೈತನ ಹೆಂಡತಿ ಇದ್ದಳು. ಹೆಸರು ವಾಲ್ಬುರ್ಗ. ಹೇಳಲು ನಾಲಿಗೆ ತೊಡರುತ್ತದೆ, ನಾವು ಅಜ್ಜಿ ಎನ್ನೋಣ. ಆಗ ಅವಳೇನೂ ಅಜ್ಜಿಯಲ್ಲ. ಇಪ್ಪತ್ತೊಂಬತ್ತರ ಪ್ರಾಯ, ಗಂಡ, ಮೂವರು ಗಂಡುಮಕ್ಕಳು. ಅಣ್ಣತಮ್ಮಂದಿರು ಹಂಚಿಕೊಂಡ ಮೇಲೆ ಉಳಿದ ನೆಲ ಅಂಗೈಯಗಲ. ಗಂಡ ಹೆಂಡತಿ ಹಡಗು ಹತ್ತಿ ಅಮೆರಿಕಕ್ಕೆ ಹೊರಟರು. ಆ ಹಡಗಿಗೆ ಒಬ್ಬ ಗೋಡೆ ಗಡಿಯಾರ ತಂದಿದ್ದ, ಇನ್ನೊಬ್ಬ ನೇಗಿಲ ಗುಳ ತಂದಿದ್ದ. ಇವಳು ತಂದದ್ದು ಏನು ಗೊತ್ತೇ? ಜೇನು! ಹುಲ್ಲಿನಿಂದ ಹೆಣೆದ ಬುಟ್ಟಿ, ಅದರೊಳಗೆ ಜೀವಂತ ಜೇನಿನ ಸಂಸಾರ, ಬಾಯಿಗೆ ಕಟ್ಟಿದ ತೆಳು ಬಟ್ಟೆ. ಹಡಗಿನವರು ಹೌಹಾರಿದರು. ಇವಳು ಜಗ್ಗಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆಕೆಯಾದಾಗ ಒದ್ದೆ ಬಟ್ಟೆ ಹೊದಿಸಿ, ಆರು ವಾರ ಕೂತೇ ಬಂದಳು. ಹಡೆದ ಕೂಸಿಗೂ ಅಷ್ಟು ಮಾಡುವುದಿಲ್ಲ ಬಿಡು.

ಅವರ ಕಡೆ ಒಂದು ಪದ್ಧತಿ. ಮನೆಯಲ್ಲಿ ಏನೇ ನಡೆದರೂ ಜೇನಿಗೆ ಹೇಳಬೇಕು. ಮಗು ಹುಟ್ಟಿದರೆ ಹೇಳಬೇಕು, ಮದುವೆಯಾದರೆ ಹೇಳಬೇಕು. ಮನೆಯ ಯಜಮಾನ ಸತ್ತರಂತೂ ತಪ್ಪದೆ ಹೇಳಬೇಕು. ಮನೆಯ ಬೀಗದ ಕೈಯಿಂದ ಗೂಡಿಗೆ ಮೂರು ಸಲ ತಟ್ಟಿ, 'ನಿಮ್ಮ ಯಜಮಾನ ಹೋದ, ಇನ್ನು ಮುಂದೆ ಇಂಥವರು' ಎನ್ನಬೇಕು. ಹೇಳದಿದ್ದರೆ ಜೇನು ಮುನಿಸಿಕೊಂಡು ಗೂಡು ಬಿಟ್ಟು ಹೋಗುತ್ತದೆ ಎಂದು ಅವರ ನಂಬಿಕೆ. ನಗಬೇಡ. ನಾವು ಎತ್ತಿಗೆ ಪೂಜೆ ಮಾಡುವುದಿಲ್ಲವೇ?

ಮೂರನೆಯ ಚಳಿಗಾಲದಲ್ಲಿ ಗಂಡ ಎದೆಶೀತದಿಂದ ಸತ್ತ. ಹೊಸ ದೇಶ, ಮೊಣಕಾಲುದ್ದ ಹಿಮ, ಮೂರು ಎಳೆಯ ಮಕ್ಕಳು. ಆ ಹೆಂಗಸು ಅಳಲಿಲ್ಲ. ಮೊದಲು ಬೀಗದ ಕೈ ತೆಗೆದುಕೊಂಡು ಹಿಮ ತುಳಿದು ಗೂಡಿನ ಹತ್ತಿರ ಹೋದಳು. ಮೂರು ಸಲ ತಟ್ಟಿದಳು. ತನ್ನ ಭಾಷೆಯಲ್ಲಿ, 'ಯಜಮಾನ ಹೋದ. ಇನ್ನು ನಾನಿದ್ದೇನೆ. ನೀವು ಇಲ್ಲೇ ಇರಿ' ಎಂದಳು. ಆಮೇಲೆ ಒಳಗೆ ಬಂದು ಗೋಡೆಗೆ ತಲೆ ಕೊಟ್ಟು ಅತ್ತಳು. ಪಾಪ, ಆ ದೇಶದಲ್ಲಿ ಅವಳ ಊರಿನವರೆಂದು ಇದ್ದದ್ದು ಆ ಹುಳಗಳು ಮಾತ್ರ. ಹಾಗೆಂದು ಅವಳು ತಿಳಿದಿದ್ದಳು.

ಜೇನು ಉಳಿಯಿತು, ಹೆಚ್ಚಿತು! ಒಂದು ಗೂಡು ಮೂವತ್ತನಾಲ್ಕಾಯಿತು. ಜೇನುತುಪ್ಪ ಮತ್ತು ಮೇಣ ಮಾರಿ ಮಕ್ಕಳನ್ನು ಬೆಳೆಸಿದಳು. ಅವಳು ಕೆಮ್ಮಿದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದರು. ದಿನ ಬೆಳಗಾದರೆ ಗೂಡುಗಳ ಸುತ್ತ ಹಾಕಿದ ಬೇಲಿಯೊಳಗೆ ಹೋಗಿ ಹುಳಗಳೊಡನೆ ಜರ್ಮನ್ ಮಾತಾಡುತ್ತಿದ್ದಳು. ಮಕ್ಕಳು ಹೊಸ ದೇಶದ ಮಾತು ಕಲಿತು ತಾಯಿಯ ಮಾತು ಮರೆಯುತ್ತ ಬಂದರು. 'ಹೋಗಲಿ, ನನ್ನ ಜೇನು ಮರೆತಿಲ್ಲ' ಎನ್ನುತ್ತಿದ್ದಳು.

ಕಿರಿಯ ಮಗ ನೋರಾ ಎಂಬ ಹುಡುಗಿಯನ್ನು ಮದುವೆಯಾಗಿ ಬಂದ. ಅವಳೂ ಹಡಗಿನಲ್ಲಿ ಬಂದವಳೇ, ಆದರೆ ಬೇರೆ ದೇಶ, ಬೇರೆ ಭಾಷೆ. ಪದ್ಧತಿಯಂತೆ ಹೊಸ ಸೊಸೆಯನ್ನು ಜೇನಿಗೆ ಪರಿಚಯ ಮಾಡಿಸಬೇಕು. ಅಜ್ಜಿ ಮಾಡಿಸಲಿಲ್ಲ. 'ಇವು ನನ್ನ ಊರಿನ ಹುಳ. ನಿನ್ನ ಮಾತು ಇವಕ್ಕೆ ತಿಳಿಯುವುದಿಲ್ಲ. ಬೇಲಿ ದಾಟಬೇಡ' ಎಂದಳು.

ಒಂದಲ್ಲ ಎರಡಲ್ಲ, ಇಪ್ಪತ್ತು ವರ್ಷ! ಸೊಸೆ ಮೇಣ ಕರಗಿಸಿದಳು, ತುಪ್ಪ ಸೋಸಿದಳು, ಅಜ್ಜಿಯ ಮುಖಕ್ಕೆ ಬಲೆ ಹೊಲಿದಳು. ಬೇಲಿ ಮಾತ್ರ ದಾಟಲಿಲ್ಲ. ಹೊರಗೆ ನಿಂತು ನೋಡುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತೇವಲ್ಲ, ಆ ಸೊಸೆಯ ಕಾಲ ಬರುವ ಲಕ್ಷಣವೇ ಇರಲಿಲ್ಲ.

ಎಂಬತ್ತೊಂದನೆಯ ವಯಸ್ಸಿನಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ವೈದ್ಯ ಬಂದು ತಲೆಯಾಡಿಸಿ ಹೋದ. ಹಿರಿಯ ಮಕ್ಕಳಿಬ್ಬರು ದೂರದಲ್ಲಿದ್ದರು. ಅವರನ್ನು ಕರೆತರಲು ಕಿರಿಯ ಮಗ ಗಾಡಿ ಕಟ್ಟಿಕೊಂಡು ಹೊರಟ. ಹೋಗಿ ಬರಲು ಎರಡು ದಿನ. ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಬೀಗದ ಕೈ ಅಜ್ಜಿಯ ದಿಂಬಿನ ಕೆಳಗಿತ್ತು.

ಅಜ್ಜಿಗೆ ಸಾವಿನ ಭಯವಿರಲಿಲ್ಲ ಮರುಳಯ್ಯ. ಮಗ ಬರುವ ಮೊದಲೇ ಸತ್ತರೆ ಜೇನಿಗೆ ಹೇಳುವವರು ಯಾರು? ಐವತ್ತೆರಡು ವರ್ಷ ಸಾಕಿದ ಮೂವತ್ತನಾಲ್ಕು ಗೂಡು ಒಂದೇ ದಿನದಲ್ಲಿ ಬರಿದಾಗುತ್ತದಲ್ಲ! ಅದೊಂದೇ ಭಯಕ್ಕೆ ಆ ಮುದುಕಿ ಹಲ್ಲು ಕಚ್ಚಿ ಜೀವ ಹಿಡಿದುಕೊಂಡಿದ್ದಳು. 'ಸಾಯುವುದಿಲ್ಲ, ಮಗ ಬರುವವರೆಗೆ ಸಾಯುವುದಿಲ್ಲ' ಎಂದು ಗೊಣಗುತ್ತಿದ್ದಳು. ಎಂಥ ಹೆಣ್ಣು ನೋಡು!

ಮರುದಿನ ನಡುಮಧ್ಯಾಹ್ನ. ಸುಡುಬಿಸಿಲು. ಇದ್ದಕ್ಕಿದ್ದಂತೆ ಹೊರಗೆ ಭೋರೆಂದು ಸದ್ದು! ಜೇನು ಪಾಲಾಯಿತು! ಪಾಲಾಗುವುದೆಂದರೆ ಗೊತ್ತೇ? ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಗೂಡು ಬಿಟ್ಟು ಹೊರಟೇಬಿಡುತ್ತದೆ. ಹಿಂದೆಯೇ ಓಡಬೇಕು, ಪಾತ್ರೆ ಬಡಿಯುತ್ತ ಓಡಬೇಕು. ಬಡಿದರೆ ಹುಳ ಬೇಗ ಇಳಿಯುತ್ತದೆ, ಎಲ್ಲಿ ಇಳಿದರೂ ಬಡಿದವರದೇ ಆಗುತ್ತದೆ. ಅದು ಅವರ ರೂಢಿ. ಬಿಟ್ಟರೆ ಕಾಡುಪಾಲು.

'ನಾನು ಹೋಗಲೇ ಅತ್ತೆ?'

'ನಿನ್ನ ಮಾತು ಅವು ಕೇಳುವುದಿಲ್ಲ.'

ಅಷ್ಟರಲ್ಲಿ ಸೊಸೆ ಎಲ್ಲಿದ್ದಾಳೆ? ತಾಮ್ರದ ಪಾತ್ರೆ ಒಂದು ಕೈಯಲ್ಲಿ, ಸೌಟು ಇನ್ನೊಂದು ಕೈಯಲ್ಲಿ! ಇಪ್ಪತ್ತು ವರ್ಷ ದಾಟದ ಬೇಲಿಯನ್ನು ಲಂಗ ಎತ್ತಿಕಟ್ಟಿ ಒಂದೇ ನೆಗೆತಕ್ಕೆ ಹಾರಿದಳು. ಆ ಲೋಟ ಇತ್ತ ಕೊಡು ಮರುಳಯ್ಯ. ಹೀಗೆ, ಢಣ್! ಢಣ್! ಢಣ್! ಮೇಲೆ ಹುಳದ ಮೋಡ, ಕೆಳಗೆ ಗೋಧಿಯ ಹೊಲ, ನಡುವೆ ಬಾಯಿಗೆ ಬಂದದ್ದು ಕೂಗುತ್ತ ಓಡುವ ಸೊಸೆ! ಹಾಸಿಗೆಯಲ್ಲಿದ್ದ ಅಜ್ಜಿಗೆ ಹೊರಗಿನದೇನೂ ಕಾಣದು, ಕಿವಿಗೆ ಮಾತ್ರ ಕೇಳುತ್ತಿತ್ತು. ಸದ್ದು ಹೊಲ ದಾಟಿತು. ಹಳ್ಳದ ಕಡೆ ತಿರುಗಿತು. ಸಣ್ಣದಾಯಿತು. ನಿಂತೇಹೋಯಿತು. ಅಜ್ಜಿ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೋಯಿತೇ? ಹೋಗಿಯೇಬಿಟ್ಟಿತೇ?

ಒಂದು ಗಳಿಗೆಯ ಮೇಲೆ ಬಾಗಿಲಲ್ಲಿ ಹೆಜ್ಜೆ. ಸೊಸೆ ಬಂದಳು. ಕೂದಲು ಕೆದರಿದೆ, ಕೆನ್ನೆ ಊದಿದೆ, ನಾಲ್ಕೈದು ಕಡೆ ಕುಟುಕಿಸಿಕೊಂಡಿದ್ದಾಳೆ, ಬಾಯಿತುಂಬ ನಗು! ಕೈಯಲ್ಲಿ ಬಟ್ಟೆ ಮುಚ್ಚಿದ ಹುಲ್ಲಿನ ಬುಟ್ಟಿ. ಹಳ್ಳದ ಮರದ ಕೊಂಬೆಗೆ ಕೂತಿದ್ದ ಹುಳವನ್ನೆಲ್ಲ ಬರಿಗೈಯಲ್ಲಿ ಬುಟ್ಟಿಗೆ ಇಳಿಸಿಕೊಂಡು ಬಂದಿದ್ದಳು. ಅಜ್ಜಿಯ ಕಿವಿಯ ಹತ್ತಿರ ಹಿಡಿದಳು. ಒಳಗೆ ಗುಂಯ್ ಎಂಬ ಸದ್ದು.

'ಅವಕ್ಕೆ ಏನೆಂದು ಹೇಳಿದೆ?' ಎಂದು ಅಜ್ಜಿ ಕೇಳಿದಳು.

'ನಿಲ್ಲಿ, ಮನೆಗೆ ಬನ್ನಿ ಎಂದೆ. ಓಡುವಾಗ ಬಾಯಿಗೆ ಬಂದದ್ದು ನನ್ನ ಮಾತೇ ಅತ್ತೆ.'

ಅಜ್ಜಿ ಬುಟ್ಟಿಯ ಮೇಲೆ ಕೈಯಿಟ್ಟಳು. ಆಮೇಲೆ ಏನು ಮಾಡಿದಳು ಹೇಳು? ನಕ್ಕಳು! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. 'ಬೇಸಿಗೆಯ ಜೇನುಹುಳದ ಆಯಸ್ಸು ಆರು ವಾರ. ರಾಣಿಯದು ಹೆಚ್ಚೆಂದರೆ ನಾಲ್ಕು ವರ್ಷ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ನಾನು ಹಡಗಿನಲ್ಲಿ ತಂದ ಹುಳ ಸತ್ತು ಎಷ್ಟು ಕಾಲವಾಯಿತು! ಇವೆಲ್ಲ ಇಲ್ಲಿಯೇ ಹುಟ್ಟಿದವು. ಜರ್ಮನಿಯನ್ನು ಕಂಡ ಜೀವ ಈ ಅಂಗಳದಲ್ಲಿ ನಾನೊಬ್ಬಳೇ ಕಣೆ ನೋರಾ. ಗೊತ್ತಿದ್ದೂ ನಿನ್ನನ್ನು ಇಪ್ಪತ್ತು ವರ್ಷ ಬೇಲಿಯ ಹೊರಗೆ ನಿಲ್ಲಿಸಿದೆ.' ದಿಂಬಿನ ಕೆಳಗಿನಿಂದ ಬೀಗದ ಕೈ ತೆಗೆದು ಸೊಸೆಯ ಅಂಗೈಯಲ್ಲಿಟ್ಟು, ಅಂಗೈಯನ್ನು ತಾನೇ ಮಡಚಿದಳು. ಹಿಡಿದುಕೊಂಡಿದ್ದ ಜೀವವನ್ನು ಆಗ ಬಿಟ್ಟಳು. ಮಗನಿಗಾಗಿ ಕಾಯಲಿಲ್ಲ.

ಸೊಸೆ ಅತ್ತಳು. ಆದರೆ ಮೊದಲಲ್ಲ, ಆಮೇಲೆ. ಮೊದಲು ಬುಟ್ಟಿಯನ್ನು ಉಳಿದ ಗೂಡುಗಳ ಸಾಲಿನಲ್ಲಿ ಇಟ್ಟಳು. ಈಗ ಮೂವತ್ತೈದು. ಒಂದೊಂದಕ್ಕೂ ಮೂರು ಸಲ ತಟ್ಟಿ, ತನ್ನ ಭಾಷೆಯಲ್ಲಿ, 'ಯಜಮಾನಿ ಹೋದಳು. ಇನ್ನು ನಾನಿದ್ದೇನೆ. ನೀವು ಇಲ್ಲೇ ಇರಿ' ಎಂದಳು. ಮರುದಿನ ಮಕ್ಕಳು ಮೂವರೂ ಬಂದಾಗ ಬೇಲಿಯ ಬಾಗಿಲು ತೆರೆದಿತ್ತು. ಮೂವತ್ತೈದು ಗೂಡಿನ ಹುಳವೂ ಎಂದಿನಂತೆ ಹೂವಿಗೆ ಹೋಗಿ ಬರುತ್ತಿತ್ತು.

ಗುರುಗಳು ಲೋಟ ಕೆಳಗಿಟ್ಟರು. ಹೇಳಿ ಹೇಳಿ ಅವರ ಮುಖ ಕೆಂಪಾಗಿತ್ತು.

ಮರುಳಯ್ಯ ಸೊಂಟದ ಬೀಗದ ಕೈಯನ್ನು ಮುಟ್ಟಿಕೊಂಡ. "ಕತೆ ಚೆನ್ನಾಗಿದೆ, ಬುದ್ಧಿ. ಆದರೆ ಅದು ಜೇನಿನ ಮಾತಾಯಿತು. ಇದು ನಾಲಿಗೆಯ ರುಚಿ. ನಮ್ಮ ಸಾರು ಹೊರಗಿನವನ ಕೈಗೆ ಹೇಗೆ ಬಂದೀತು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಈ ಹನ್ನೊಂದು ದಿನದಿಂದ ನೀನು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿರುವ ಸಾರು ಯಾರು ಮಾಡಿದ್ದು, ಮರುಳಯ್ಯ?"