ಮಾವಿನವರ ಹೊಲಿಗೆ

ಕೆರೆ ತುಂಬಿ ಮೂರು ಮರಗಳ ಬುಡ ಮುಳುಗಿದ್ದ ಕಾಲ. ಹುಣಸೆಮರದ ಕಪ್ಪಿರುವೆಗಳಾದ ಗೊದ್ದಗಳು ಹಲಸಿನಮರದ ಕೆಂಪಿರುವೆಗಳಾದ ಕೆಂಜಿಗಗಳಿಗೆ ಬುದ್ಧಿ ಕಲಿಸುತ್ತೇವೆಂದು ದಂಡು ಕಟ್ಟಿಕೊಂಡು ಹೊರಟವು. ನಡುವೆ ಇದ್ದದ್ದು ಮಾವಿನಮರ. ಅಲ್ಲಿನ ಕೆಂಜಿಗಗಳು ತಮ್ಮ ತುದಿಯೆಲೆಗಳನ್ನು ಹುಣಸೆಯ ರೆಂಬೆಗೆ ಎಳೆದು ಹೊಲಿದು, ಹೋಗಿಬರಲು ಸೇತುವೆ ಮಾಡಿಕೊಂಡಿದ್ದವು.

ಹಲಸಿನ ಕಾವಲಿನವಳಾದ ಕೆಂಚಿ, ಮಾವಿಗೆ ತಾಗುವ ಗಡಿಕೊಂಬೆಯ ತುದಿಗೆ ಬಂದು ಇಣುಕಿದಳು. ನಿನ್ನೆಯಷ್ಟೇ ಗಡಿಕೊಂಬೆಯ ಸಿಹಿರಸಕ್ಕಾಗಿ ಜಗಳವಾಡಿ ಮಾವಿನ ಮುದುಕಿಯ ಕಾಲು ಕಚ್ಚಿದ್ದಳು. ಈಗ ಆ ಮುದುಕಿಯೇ ಸೇತುವೆಯ ಬಾಯಲ್ಲಿ ನಿಂತಿದ್ದಳು!

“ದಾರಿ ಬಿಟ್ಟರೆ ಸಾಕು ತಾಯಿ,” ಎಂದ ಗೊದ್ದಗಳ ದಳವಾಯಿ. “ಹಲಸಿನವರು ನಿಮಗೂ ಕಾಟ ಕೊಟ್ಟವರೇ ಅಲ್ಲವೆ?”

“ಕೊಟ್ಟವರೇ,” ಎಂದು ಮುದುಕಿ ಕುಂಟುಗಾಲು ಎತ್ತಿ ತೋರಿಸಿದಳು. ಮತ್ತೆ ಕೇಳಿದಳು, “ಕೆಲಸ ಮುಗಿದ ಮೇಲೆ?”

“ಮರಳುತ್ತೇವೆ. ದಾರಿ ಕಾಯಲು ಒಂದಷ್ಟು ಜನ ನಿಮ್ಮ ಮರದಲ್ಲಿ ಉಳಿಯುತ್ತಾರೆ, ಅಷ್ಟೆ.”

“ಎಷ್ಟು ದಿನ?”

“ಅದನ್ನು ಆಮೇಲೆ ನೋಡೋಣ.”

ಮುದುಕಿ ತನ್ನವರತ್ತ ತಿರುಗಿ, “ಹೊಲಿಗೆ ಬಿಚ್ಚಿರೇ!” ಎಂದಳು. ನೂಲು ಹರಿದದ್ದೇ ತಡ, ಮಾವಿನ ಕೊಂಬೆ ಚಿಮ್ಮಿ ಹಿಂದೆ ಸರಿಯಿತು. ಆಚೆಯೇ ಉಳಿದ ದಂಡು ಕೆಳಗಿನ ನೀರು ನೋಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿತು.

ಕೆಂಚಿ ಓಡಿಬಂದು ಕೈ ಮುಗಿದಳು. “ನಮ್ಮನ್ನು ಉಳಿಸಿದಿರಿ, ಅಜ್ಜಿ!”

“ನಿಮ್ಮನ್ನಲ್ಲ ಕಣೇ, ನನ್ನ ಮರವನ್ನು. ನಮ್ಮ ಜಗಳ ಹಾಗೇ ಇದೆ. ನಾಳೆ ಗಡಿಕೊಂಬೆಗೆ ಬಾ, ಕಚ್ಚುಬಾಯಿಯವಳೇ, ನೋಡಿಕೊಳ್ಳುತ್ತೇನೆ!”

ನೆರೆಯವಳ ಬೈಗುಳ ಅಷ್ಟು ಹಿತವಾಗಿ ಕೇಳಿಸಿದ್ದು ಕೆಂಚಿಗೆ ಅದೇ ಮೊದಲು.