ಕೆಂಪು ಬಟ್ಟೆಯ ಕೋಲು

"ಗುರುಗಳೇ, ನನ್ನ ತಮ್ಮನನ್ನು ಕಾಪಾಡುವುದು ಹೇಗೆ?" ಎಂದು ಗುರುಪಾದನೆಂಬ ಶಿಷ್ಯ ಕೇಳಿದ. "ಚೆನ್ನವೀರ ಮಾತಾಡುವಾಗ ತೊದಲುತ್ತಾನೆ. ಮಠಕ್ಕೆ ಹೊಸಬರು ಯಾರೇ ಬರಲಿ, ನಾನೇ ಮುಂದಾಗಿ ಹೋಗಿ, ಇವನು ತೊದಲುತ್ತಾನೆ, ಮನಸ್ಸು ಬಹಳ ಮೆತ್ತಗೆ, ದಯವಿಟ್ಟು ನಗಬೇಡಿ ಎಂದು ಹೇಳಿರುತ್ತೇನೆ. ಆದರೂ ಅವನನ್ನು ಆಡಿಕೊಳ್ಳುತ್ತಾರೆ. ಈಚೆಗೆ ಅವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಾನೆ. ಇನ್ನೂ ಗಟ್ಟಿಯಾಗಿ ಹೇಳಲೇ?"

"ಹೇಳುವೆಯಂತೆ, ಮೊದಲು ಕುಳಿತುಕೋ" ಎಂದು ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದಲ್ಲಿ ಒಂದು ಪಕ್ಷಿಧಾಮವಿತ್ತು. ಅಲ್ಲಿ ಹೊಳೆ ಕಡಲನ್ನು ಸೇರುವ ಕಡೆ ಒಂದು ಮರಳುದಿಬ್ಬ. ರೀವ ಎಂಬ ಬಿಳಿಯ ಕಡಲಹಕ್ಕಿಗಳು ಆ ದಿಬ್ಬದ ಬರಿ ಮರಳಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಆ ತೀರದಲ್ಲಿ ಅವಕ್ಕೆ ಉಳಿದದ್ದು ಅದೊಂದೇ ಜಾಗ. ಮೊಟ್ಟೆಯೂ ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಬಗ್ಗಿ ನೋಡಿದರೂ ಸುಲಭವಾಗಿ ಕಣ್ಣಿಗೆ ಬೀಳದು.

ಹಕ್ಕಿಗಳ ಅಧ್ಯಯನಕ್ಕೆಂದು ಒಬ್ಬ ಸಂಶೋಧಕಿ ಬಂದಳು. ಆ ರೀವಗಳೆಂದರೆ ಅವಳಿಗೆ ಪ್ರಾಣ. ಬಲೆ ಒಣಗಿಸಲು ಬರುವ ಮೀನುಗಾರರು ಕಾಣದೆ ಮೊಟ್ಟೆ ತುಳಿಯುವುದನ್ನು ನೋಡಿ ಅವಳ ಕರುಳು ಚುರುಕ್ಕೆಂದಿತು. ಮೊಟ್ಟೆ ಇದ್ದ ಪ್ರತಿ ಜಾಗದ ಪಕ್ಕಕ್ಕೂ ಒಂದು ಬಿದಿರುಕೋಲು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದಳು. ಮೀನುಗಾರರು ಒಳ್ಳೆಯವರು. ಕೋಲು ಕಂಡಲ್ಲೆಲ್ಲ ಬಳಸಿಕೊಂಡು ನಡೆದರು. ಮೊಟ್ಟೆ ತುಳಿಯುವುದು ನಿಂತಿತು.

ಆದರೆ ಮೊಟ್ಟೆಗಳು ಮಾಯವಾಗತೊಡಗಿದವು. ಅದೂ ಮೊದಲಿಗಿಂತ ಬೇಗ ಬೇಗ.

ಸಂಶೋಧಕಿ ಒಬ್ಬ ಮೀನುಗಾರನನ್ನು ತಡೆದು, "ನಂಬಿ ಗುರುತು ತೋರಿಸಿದರೆ ಕದ್ದು ತಿನ್ನುತ್ತೀರಲ್ಲ!" ಎಂದು ಬೈದಳು.

"ನಾವ್ಯಾಕೆ ತಿನ್ನುದು ಅಮ್ಮ? ನಿಮ್ಮ ಕೋಲಿನ ಬದಿಗೂ ನಾವು ಹೋಗುದಿಲ್ಲ" ಎಂದ ಅವನು.

ಅವಳು ನಂಬಲಿಲ್ಲ. ಕೋಲು ಗಿಡ್ಡವಾಯಿತು, ಗುರುತು ದೂರದಿಂದಲೇ ಕಂಡರೆ ಕೈ ಹಾಕಲು ಹೆದರುತ್ತಾರೆ ಎಂದುಕೊಂಡು ಇನ್ನೂ ಉದ್ದದ ಕೋಲುಗಳನ್ನು ತಂದು ನೆಟ್ಟಳು. ಕಳ್ಳನನ್ನು ಹಿಡಿದೇ ತೀರುತ್ತೇನೆಂದು ದೋಣಿಯೊಂದರ ಮರೆಯಲ್ಲಿ ಕುಳಿತಳು. ಮೀನುಗಾರರು ಬಂದರು, ಬಲೆ ಹರವಿದರು, ಹೋದರು. ಆಮೇಲೆ ಒಂದು ಕಾಗೆ ಬಂತು. ಕೋಲಿನ ತುದಿಯಲ್ಲಿ ಕುಳಿತು ಕೆಳಗೆ ನೋಡಿತು. ಇಳಿಯಿತು, ತಿಂದಿತು, ಪಕ್ಕದ ಕೋಲಿಗೆ ಹಾರಿತು. ಪಾಪ, ಅದಕ್ಕೆ ಹುಡುಕುವ ಕಷ್ಟವೇ ಇರಲಿಲ್ಲ. ಎಲೆ ಹಾಕಿ ಬಡಿಸಿದ ಪಂಕ್ತಿಯಲ್ಲಿ ಉಂಡಂತೆ ಸಾವಕಾಶವಾಗಿ ತಿನ್ನುತ್ತಾ ಹೋಯಿತು.

ತಾಯಿಹಕ್ಕಿಗಳು ಮೇಲೆ ಕಿರುಚುತ್ತಾ ಸುತ್ತುತ್ತಿದ್ದವು. ಸಂಶೋಧಕಿಗೆ ಅಳು ಬಂತು. ಓಡಿಹೋಗಿ ಕೋಲುಗಳನ್ನೆಲ್ಲ ಕಿತ್ತಳು. ಬೈಸಿಕೊಂಡ ಮೀನುಗಾರನ ಮನೆಗೆ ಹೋಗಿ ಕ್ಷಮೆ ಕೇಳಿದಳು. ಹಕ್ಕಿಗಳು ಮೊಟ್ಟೆಯಿಡುವ ಕಾಲದಲ್ಲಿ ಬಲೆಯನ್ನು ಆಚೆ ದಡದಲ್ಲಿ ಒಣಗಿಸಿರೆಂದು ಬೇಡಿಕೊಂಡಳು. ಅವರು ಒಪ್ಪಿದರು. ಈಗ ಆ ದಿಬ್ಬದಲ್ಲಿ ನೋಡಿದವರಿಗೆ ಕಾಣುವುದು ಬರಿ ಮರಳು. ಮರಿಗಳು ಅಲ್ಲೇ ಎಲ್ಲೋ ಬೆಳೆಯುತ್ತಿರುತ್ತವೆ.

ಕತೆ ಮುಗಿದಾಗ ಗುರುಪಾದ ನಿಟ್ಟುಸಿರು ಬಿಟ್ಟು, "ಎಂಥ ಕೆಟ್ಟ ಕಾಗೆ, ಗುರುಗಳೇ!" ಎಂದ.

"ಕಾಗೆಯ ಸುದ್ದಿ ಹಾಗಿರಲಿ, ಚೆನ್ನವೀರನ ಪಕ್ಕದಲ್ಲಿ ಕೋಲು ನೆಟ್ಟವರು ಯಾರು?" ಎಂದರು ಗುರುಗಳು.