ಲೋಹಿತನ ಎಡೆ

ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯ ಸಣ್ಣಪ್ಪ ಗುರು ಕೆಂಚಯ್ಯನವರನ್ನು ಕೇಳಿದ:

"ಬುದ್ಧಿ, ಒಂದು ಮನೆಯ ಮಾನ ಉಳಿಸೋಕೆ ಸುಳ್ಳು ಹೇಳಿದರೆ ಪಾಪವೇ?"

"ಯಾವ ಮನೆ?"

"ಬೋರೇಗೌಡರದು. ಅವರ ಮಗ ಲೋಹಿತ ಹೊಳೆಯ ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದನ್ನು ಮೊದಲು ಕಂಡವನು ನಾನು. ತೋಳಲ್ಲಿ ಡ್ರಗ್ಸ್ ಸೂಜಿ ನಾಟಿಕೊಂಡೇ ಇತ್ತು. 'ಕಾಮಾಲೆಯಿಂದ ಸತ್ತ ಅಂತ ಹೇಳಪ್ಪಾ' ಅಂತ ಗೌಡರು ಕೈ ಹಿಡಿದರು. ಹೇಳಿದೆ."

"ಊರು ನಂಬಿತಾ?"

"ನಂಬಿತು."

"ಅದಕ್ಕೂ ಅದೇ ಬೇಕಿತ್ತು."

ಅಷ್ಟರಲ್ಲಿ ಸಾಕಮ್ಮ ಬಂದಳು. ಮಡಿಲಲ್ಲಿ ನೆಲನೆಲ್ಲಿ ಸೊಪ್ಪು.

"ಮಂತ್ರಿಸಿ ಕೊಡಿ ಬುದ್ಧಿ. ನನ್ನ ಮಗ ಗಿರೀಶನೂ ಲೋಹಿತನಂಗೇ ಆಗವ್ನೆ. ಅನ್ನ ಸೇರಲ್ಲ, ಮೈ ನಡುಗ್ತದೆ, ನನ್ನ ಓಲೆನೂ ಮಾರ್ಕೊಂಡ. ಕಾಮಾಲೆ ತಲೆಗೇರಿದೆ ಅಂತಾರೆ. ದಿನಾ ಇದರ ರಸ ಕುಡಿಸ್ತಿದೀನಿ."

ಅವಳನ್ನು ಜಗಲಿಯಲ್ಲಿ ಕೂರಿಸಿ ಗುರು ಶಿಷ್ಯನನ್ನು ಒಳಗೆ ಕರೆದರು.

"ಅವಳಿಗೆ ನಿಜ ಹೇಳು."

"ಗೌಡರಿಗೆ ಮಾತು ಕೊಟ್ಟಿದೀನಿ ಬುದ್ಧಿ."

"ಹಾಗಾದರೆ ಬಾಯಿ ಬಿಡಬೇಡ. ಆ ಸೂಜಿ ಎಲ್ಲಿ?"

"ಮರಳಲ್ಲಿ ಹೂತಿದೀನಿ."

"ತಗೊಂಡು ಬಾ."

ಅಂದು ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು ಕೈಮುಗಿಯುವ ದಿನ. ಮೂವರೂ ಬೋರೇಗೌಡನ ಮನೆಗೆ ಹೋದರು.

ಗೌಡನ ಅಪ್ಪನ ಎಲೆಯಲ್ಲಿ ಬ್ರಾಂದಿ ಬಾಟಲಿ, ಬೀಡಿ ಕಟ್ಟು. ಲೋಹಿತನ ಎಲೆಯಲ್ಲಿ ಕಡುಬು, ಕೋಳಿ ಸಾರು, ಹೊಸ ಅಂಗಿ.

"ಹುಡುಗನಿಗೆ ಎಲ್ಲಕ್ಕಿಂತ ಬೇಕಾಗಿದ್ದೇ ಇಲ್ಲವಲ್ಲ," ಎಂದರು ಗುರು. "ಇಡು."

ಸಣ್ಣಪ್ಪ ಸೂಜಿಯನ್ನು ಕಡುಬಿನ ಪಕ್ಕ ಇಟ್ಟ.

ಗೌಡ ಹಲ್ಲು ಕಚ್ಚಿದ. "ನನ್ನ ಮಾನ ತೆಗೆಯೋಕೆ ಬಂದ್ರಾ ಸ್ವಾಮಿ?"

"ನಿನ್ನಪ್ಪನ ಕರುಳು ಸುಟ್ಟ ಬಾಟಲಿಗೆ ಊದುಬತ್ತಿ ಹಚ್ಚಿದ್ದೀಯ. ಆಗ ಹೋಗದ ಮಾನ ಈಗ ಹೋಯ್ತಾ?"

"ಎಡೆ ಕೆಡಿಸಿಬಿಟ್ಟರು," ಎಂದು ನೆಂಟರು ಗೊಣಗಿದರು. ಸೂಜಿಯ ಕಡೆ ಯಾರೂ ನೋಡಲಿಲ್ಲ.

ಸಾಕಮ್ಮ ನೋಡಿದಳು.

"ಇಂಥದ್ದು ನಮ್ಮ ಗಿರೀಶನ ದಿಂಬಿನ ಕೆಳಗೆ ಐತೆ. ಕಾಮಾಲೆಗೆ ಚುಚ್ಕೋತಾನೆ ಅಂದ್ಕೊಂಡಿದ್ದೆ."

ಅದುವರೆಗೂ ಗೋಡೆಗೆ ಒರಗಿ ಕೂತಿದ್ದ ಲೋಹಿತನ ತಾಯಿ ಎದ್ದು ನಿಂತಳು.

"ಕಾಮಾಲೆ ಅಲ್ಲ ಕಣೇ ಸಾಕಿ. ನನ್ನ ಮಗ ಅದನ್ನ ಚುಚ್ಕೊಂಡೇ ಸತ್ತಿದ್ದು. ಓಡು. ಅವನನ್ನ ಆಸ್ಪತ್ರೆಗೆ ಹಾಕು."

ಸಾಕಮ್ಮ ಓಡಿದಳು.

ಗೌಡ ಗುರುಶಿಷ್ಯರನ್ನು ಹೊಸಿಲಿನಾಚೆ ದಬ್ಬಿ ಬಾಗಿಲು ಹಾಕಿಕೊಂಡ. ಒಳಗೆ ಹೆಂಡತಿಗೆ ಹೊಡೆಯುವ ಸದ್ದು ಕೇಳಿತು. ಗುರು ಹಿಂತಿರುಗಿ ಬಾಗಿಲನ್ನು ಒದ್ದರು. ಸದ್ದು ನಿಲ್ಲುವ ತನಕ ಒದೆಯುತ್ತಲೇ ಇದ್ದರು.

ಆಮೇಲೆ ಸಣ್ಣಪ್ಪ ಕೇಳಿದ:

"ಬುದ್ಧಿ, ಗಿರೀಶ ಉಳೀತಾನಾ?"

"ಗೊತ್ತಿಲ್ಲ. ಅವನನ್ನು ಕೊಲ್ಲುತ್ತಿದ್ದವರಲ್ಲಿ ಇವತ್ತಿಗೆ ನೀನೊಬ್ಬ ಕಡಿಮೆ."